ಯಾರ ಪೈಕಿ ಎಂದು ಕೇಳದ ದಾರಿ

ಕಾವೇರಿ ಟೀಚರಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನಮ್ಮ ಶಾಲೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಆ ಸಿಟ್ಟು ಎಲ್ಲಿಂದ ಬಂತು ಎಂದು ಅವರಲ್ಲಿ ಒಬ್ಬರಾದರೂ ಕೇಳಿದ್ದಾರೆಯೇ? ನಾನು ಕೇಳಿದ್ದೇನೆ. ಕಲಬುರಗಿಯಿಂದ ಕಮಲಾಪುರಕ್ಕೆ ಬೆಳಗಿನ ಹುಮನಾಬಾದ್ ಬಸ್ಸಿನಲ್ಲಿ ಅವಳ ಪಕ್ಕದಲ್ಲೇ ಕೂತು ಹೋಗುವವಳು ನಾನು. ಅವಳು ಸಮಾಜ ವಿಜ್ಞಾನ ಕಲಿಸುತ್ತಾಳೆ, ನಾನು ವಿಜ್ಞಾನ. ಅವಳ ಕಥೆ ಪೂರ್ತಿ ಕೇಳಿದ ಮೇಲೆ ನನ್ನ ಸಿಟ್ಟು ಅವಳದಕ್ಕಿಂತ ಒಂದು ಕೈ ಹೆಚ್ಚೇ ಆಗಿದೆ. ಆದ್ದರಿಂದ ಇದನ್ನು ನಾನು ತಣ್ಣಗೆ ಹೇಳುತ್ತೇನೆ ಎಂದು ಯಾರೂ ಕಾಯಬೇಡಿ.

ಕಾವೇರಿ ಯಾರನ್ನೂ ದಾರಿ ಕೇಳುವುದಿಲ್ಲ. ಇದು ಅವಳ ಹಟ. ಒಮ್ಮೆ ಸಹೋದ್ಯೋಗಿಯೊಬ್ಬರ ಮಗಳ ಮದುವೆಗೆ ಕೋಟೆಯ ಆಚೆಯ ಮಂಗಲ ಕಾರ್ಯಾಲಯಕ್ಕೆ ಇಬ್ಬರೂ ಹೊರಟಿದ್ದೆವು. ಆಟೋದವನು ತಪ್ಪು ಚೌಕದಲ್ಲಿ ಇಳಿಸಿ ಹೋದ. ಎದುರಿಗೇ ಪಾನ್ ಅಂಗಡಿ ಇತ್ತು, ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಇವಳು ಕೇಳಲಿಲ್ಲ, ನನಗೂ ಕೇಳಗೊಡಲಿಲ್ಲ. ಬಿಸಿಲಲ್ಲಿ ಕೋಟೆಯ ಕಂದಕವನ್ನು ಅರ್ಧ ಸುತ್ತಿ, ರೇಷ್ಮೆ ಸೀರೆಯ ಅಂಚಿಗೆ ಧೂಳು ಮೆತ್ತಿಕೊಂಡು, ಅಕ್ಷತೆ ಬಿದ್ದು ಊಟದ ಪಂಕ್ತಿ ಏಳುವ ಹೊತ್ತಿಗೆ ಹೋಗಿ ಮುಟ್ಟಿದೆವು. "ಬಾಯಿ ಅದಲ್ಲ ನಿನಗ? ಬಾಯಿ ಇದ್ದವರಿಗೆ ದಾರಿ ಸಿಗಂಗಿಲ್ಲೇನು?" ಎಂದು ನಾನು ರೇಗಿದೆ. "ಬಾಯಿ ನಿನಗ ಅದ ಶೀಲಾ" ಎಂದಳು ಅವಳು. "ನಿನ್ನ ಬಾಯಿಗೆ ದಾರಿ ಸಿಗ್ತದ. ನನ್ನ ಬಾಯಿಗೆ ಸವಾಲು ಸಿಗ್ತದ."

ಆ ಸವಾಲು, ಅಂದರೆ ಆ ಪ್ರಶ್ನೆ, ಯಾವುದು ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ. ಇಲ್ಲಿ ದಾರಿ ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ. ಕೆಲಸ ಬಿಟ್ಟು ಎದ್ದು ಬಂದು ತೋರಿಸುವ ಜನ. ಆದರೆ ಕೈ ಎತ್ತಿ ತೋರಿಸುವ ಮೊದಲು ಒಂದು ಮಾತು ಕೇಳಿಯೇ ಕೇಳುತ್ತಾರೆ: "ನೀವು ಯಾರ ಪೈಕಿ?" ಯಾರ ಪೈಕಿ ಎಂದರೆ ಯಾವ ಕಡೆಯವರು, ಯಾವ ಜನ ಎಂದು. ನೇರವಾಗಿ ಜಾತಿ ಕೇಳಿದರೆ ಕೇಳಿದವನಿಗೇ ಒಂದಿಷ್ಟು ನಾಚಿಕೆಯಾದೀತು. ಪೈಕಿ ಎಂದರೆ ಆ ನಾಚಿಕೆಯೂ ಇಲ್ಲ. ಎಷ್ಟು ಮೆತ್ತಗಿನ ಪದ ನೋಡಿ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಕೆಲಸ ಮುಗಿಸುತ್ತದೆ.

ಕಾವೇರಿಯ ತಾಯಿ ಪುತಳಾಬಾಯಿ ಆಳಂದ ಕಡೆಯ ಹಳ್ಳಿಯವರು. ರಸ್ತೆ ಕೆಲಸದಲ್ಲಿ ಕಲ್ಲು ಒಡೆದು ಮಗಳನ್ನು ಓದಿಸಿದವರು. ಮನೆಯಲ್ಲಿ ಬುದ್ಧನ ಚಿತ್ರ, ಅದರ ಪಕ್ಕದಲ್ಲಿ ಬಾಬಾಸಾಹೇಬರ ಚಿತ್ರ, ಕೆಳಗೆ ಮಗಳ ಅಂಕಪಟ್ಟಿ. ಶಿಕ್ಷಕಿಯ ತರಬೇತಿಗೆ ಸೀಟು ಸಿಕ್ಕಿದ ವರ್ಷ ತಾಯಿ ಮಗಳು ಇಬ್ಬರೂ ಬಾಡಿಗೆಯ ಖೋಲಿ ಹುಡುಕಿಕೊಂಡು ಕಲಬುರಗಿಗೆ ಬಂದರು. ಜಗತ್ ಚೌಕದ ಹಿಂದಿನ ಗಲ್ಲಿಯೊಂದರಲ್ಲಿ ಒಂದು ಖೋಲಿ ಖಾಲಿ ಇದೆ ಎಂದು ಯಾರೋ ಮನೆಯ ಹೆಸರು ಹೇಳಿ ಕಳಿಸಿದ್ದರು. ಗಲ್ಲಿಯ ಬಾಯಲ್ಲಿ ಕೂತಿದ್ದ ದರ್ಜಿಯನ್ನು ಪುತಳಾಬಾಯಿ ಕೇಳಿದರು. ಅವನು ಹೊಲಿಗೆ ನಿಲ್ಲಿಸಿ, ನಗುತ್ತಲೇ, ಯಾರ ಪೈಕಿ ಎಂದ. ಸುಳ್ಳು ಹೇಳಿ ಗೊತ್ತಿಲ್ಲದ ಹೆಂಗಸು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. "ಆ ಹೆಸರಿನ ಮನಿ ಈ ಗಲ್ಲ್ಯಾಗ ಇಲ್ಲವಾ" ಎಂದು ದರ್ಜಿ ಮತ್ತೆ ಪೆಡಲ್ ತುಳಿಯತೊಡಗಿದ.

ಹಿಂದಕ್ಕೆ ತಿರುಗುವಾಗ ಕಾವೇರಿ ಕತ್ತೆತ್ತಿ ನೋಡಿದಳು. ದರ್ಜಿಯ ಅಂಗಡಿಗೆ ಅಂಟಿಕೊಂಡ ಮನೆಯದೇ ಆ ಹೆಸರು. ಬಾಗಿಲ ಮೇಲೆ ಬಣ್ಣದ ಅಕ್ಷರದಲ್ಲಿ ಬರೆದಿತ್ತು. ತಾಯಿಗೆ ಓದಲು ಬರುತ್ತಿರಲಿಲ್ಲ. ಮಗಳು ಓದಿದಳು, ಓದಿ ಸುಮ್ಮನಾದಳು, ಅಮ್ಮನಿಗೆ ಹೇಳಲಿಲ್ಲ.

ಅಂದಿನಿಂದ ಅವಳು ದಾರಿ ಕೇಳುವುದನ್ನು ಬಿಟ್ಟಳು. ಬೋರ್ಡು ಓದಿದಳು, ನೆರಳು ನೋಡಿದಳು, ಚೌಕ ಎಣಿಸಿದಳು, ಹಳೆಯ ನಕಾಶೆಗಳನ್ನು ಬಿಡಿಸಿಕೊಂಡು ಕೂತಳು. ಟೀಚರ್ ಆದ ಮೇಲೆ ತಾನು ಕಲಿತದ್ದನ್ನೇ ಮಕ್ಕಳಿಗೆ ಕಲಿಸಲು ಹೊರಟಳು. ಇದರಲ್ಲಿ ತಪ್ಪು ಕಂಡುಹಿಡಿದವರಿಗೆ ನನ್ನ ನಮಸ್ಕಾರ.

ಏಳನೆಯ ತರಗತಿಗೆ ನಕ್ಷೆಯ ಪಾಠ ಎಂದರೆ ಬೇರೆ ಕಡೆ ಏನು ಮಾಡುತ್ತಾರೆ? ಅಚ್ಚಾದ ಭೂಪಟಕ್ಕೆ ಬಣ್ಣ ತುಂಬಿಸುತ್ತಾರೆ. ನದಿಗೆ ನೀಲಿ, ಗುಡ್ಡಕ್ಕೆ ಕಂದು. ಕಾವೇರಿ ಮೊದಲ ದಿನ ಉತ್ತರ ದಿಕ್ಕು ಎಲ್ಲಿದೆ ತೋರಿಸಿ ಎಂದಾಗ ಅರ್ಧ ತರಗತಿ ಬೆರಳೆತ್ತಿ ಫ್ಯಾನು ತೋರಿಸಿತಂತೆ. ಗೋಡೆಯ ಭೂಪಟದಲ್ಲಿ ಉತ್ತರ ಮೇಲೆ ಇರುತ್ತದಲ್ಲ! ಅವಳು ಭೂಪಟವನ್ನು ಗೋಡೆಯಿಂದ ಇಳಿಸಿ ಅಂಗಳದ ಫರಸಿ ಕಲ್ಲಿನ ಮೇಲೆ ಹಾಸಿದಳು. ಬೀದರ್ ನಿಜವಾಗಿ ಬೀದರ್ ಇರುವ ಕಡೆಗೆ ಬರುವ ತನಕ ಮಕ್ಕಳ ಕೈಯಿಂದಲೇ ಅದನ್ನು ತಿರುಗಿಸಿದಳು. ಉತ್ತರ ಆಕಾಶದಿಂದ ಇಳಿದು ನೆಲಕ್ಕೆ ಬಂತು.

ಆಮೇಲೆ ಬರೆಸುವ ಕೆಲಸ. ಕಮಲಾಪುರದ ಬಸ್ ಸ್ಟ್ಯಾಂಡಿನಿಂದ ನಿಮ್ಮ ಮನೆಗೆ ಬರುವ ದಾರಿ ಬರೆಯಿರಿ, ಜೊತೆಗೆ ಒಂದು ನಕ್ಷೆ ಹಾಕಿ. ನಿಯಮ ಒಂದೇ: ಓದಿದವರು ನಡುವೆ ಯಾರನ್ನೂ ಕೇಳದೆ ಬಂದು ಮುಟ್ಟಬೇಕು. ಮಕ್ಕಳು ಬರೆದದ್ದು ಓದಿ ನಾವಿಬ್ಬರೂ ಬಸ್ಸಿನಲ್ಲಿ ನಕ್ಕಿದ್ದೇ ನಕ್ಕಿದ್ದು. ಒಬ್ಬ ಬರೆದಿದ್ದ: "ಎಮ್ಮಿ ಕಟ್ಟಿರ್ತಾರ, ಅಲ್ಲಿ ಎಡಕ್ಕ ಹೊಳ್ಳು." ಎಮ್ಮೆ ಮೇಯಲು ಹೋದರೆ ಬಂದವರ ಗತಿ? ಇನ್ನೊಬ್ಬಳು ಬಾಳೆಹಣ್ಣಿನ ಅಂಗಡಿ ಕಂಡ ಕೂಡಲೇ ತಿರುಗು ಎಂದಿದ್ದಳು. ಕಮಲಾಪುರದಲ್ಲಿ ರಸ್ತೆಯುದ್ದಕ್ಕೂ ಕೆಂಪು ಬಾಳೆಯ ಅಂಗಡಿಗಳೇ, ತಿರುಗುತ್ತಾ ಹೋದರೆ ತಲೆಯೇ ತಿರುಗೀತು. "ಫೋನಿನ್ಯಾಗ ಲೊಕೇಶನ್ ಕಳಸ್ತೀನ್ರಿ ಟೀಚರ್, ಬರಿಯೋದ್ಯಾಕ?" ಎಂದು ಒಬ್ಬ ಜಾಣ ಕೇಳಿದ. ಕಾವೇರಿ ತನ್ನ ಫೋನು ತೆಗೆದು ಅವನ ಕೈಗೇ ಕೊಟ್ಟಳು. ಫೋನಿಗೆ ಹೆದ್ದಾರಿ ಗೊತ್ತಿತ್ತು, ಬ್ಯಾಂಕು ಗೊತ್ತಿತ್ತು. ಓಣಿಯೊಳಗೆ ಅದೂ ಬೆಬ್ಬೆಬ್ಬೆ ಎಂದು ನಿಂತುಬಿಟ್ಟಿತು.

ಬರೆದದ್ದನ್ನು ಅವಳು ಕೂತು ತಿದ್ದುತ್ತಿರಲಿಲ್ಲ, ನಡೆಸಿ ನೋಡುತ್ತಿದ್ದಳು. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಒಬ್ಬರ ಹಾಳೆ ಇನ್ನೊಬ್ಬರ ಕೈಗೆ. ಯಾರ ಮನೆಗೆ ಯಾರು ಎಂದು ಮೊದಲೇ ಹೇಳುತ್ತಿದ್ದಳು. ಆ ಮನೆ ಮುಟ್ಟಿ, ಅಲ್ಲಿ ನೀರು ಕುಡಿದು ಬರಬೇಕು. ಮನೆಗೆ ಬಂದವರಿಗೆ ಮೊದಲು ನೀರು ಕೊಡುವುದು ನಮ್ಮ ಕಡೆಯ ಪದ್ಧತಿ. "ನೀರು ಕುಡೀಲಿಲ್ಲ ಅಂದ್ರ ದಾರಿ ಮುಗೀಲಿಲ್ಲ ಅಂತ ತಿಳೀರಿ" ಎನ್ನುತ್ತಿದ್ದಳು.

ಮೊದಲ ಸುತ್ತಿನಲ್ಲಿ ಸೃಷ್ಟಿಯ ಹಾಳೆ ಜಾಹೇದಾಳ ಕೈಗೆ ಬಂತು. ಸೃಷ್ಟಿ ತರಗತಿಯ ಜಾಣೆ. ರಸಗೊಬ್ಬರದ ಅಂಗಡಿಯ ಅಮರನಾಥರ ಮಗಳು. ಅಮರನಾಥರು ನಮ್ಮ ಶಾಲಾ ಸಮಿತಿಯ ಅಧ್ಯಕ್ಷರು. ಶಾಲೆಗೆ ನೀರಿನ ಫಿಲ್ಟರ್ ಕೊಡಿಸಿ ಅದರ ಮೇಲೆ ತಮ್ಮ ಹೆಸರು ಬರೆಸಿದವರು. ಜಾಹೇದಾ ಒಂದು ತಪ್ಪು ಹೆಜ್ಜೆ ಇಡದೆ ಅವರ ಮನೆ ಮುಟ್ಟಿ, ಪಡಸಾಲೆಯಲ್ಲಿ ಕೂತು ನೀರು ಕುಡಿದು, ಮೇಲೆ ಎರಡು ಶೇಂಗಾ ಉಂಡೆಯನ್ನೂ ತಿಂದು ಬಂದಳು.

ಎರಡನೆಯ ಸುತ್ತಿಗೆ ಕಾವೇರಿ ದಾರಿಯನ್ನು ತಿದ್ದಿ ಹೊಸದಾಗಿ ಬರೆಯಲು ಹೇಳಿದ್ದಳು. ಈ ಸಲ ಸೃಷ್ಟಿಯ ಮನೆಗೆ ಹೋಗಬೇಕಾದವನು ಅಜಿತ. ಗಾರೆ ಕೆಲಸದ ಗೌಂಡಿ ದತ್ತಪ್ಪನ ಮಗ, ಬಾಯಿ ತೆರೆದರೆ ಮುಚ್ಚದ ಹುಡುಗ. ಸೋಮವಾರ ಪ್ರಾರ್ಥನೆ ಮುಗಿಯುವ ಮೊದಲೇ ಓಡಿ ಬಂದ.

"ಟೀಚರ್, ಯಾರಿಗೂ ಕೇಳ್ಲಾರ್ದೆ ಮುಟ್ಟೀನ್ರಿ."

"ನೀರು?"

"ಕುಡ್ದೀನ್ರಿ. ಭಾಳ ತಂಪ ಇತ್ತು, ಫ್ರಿಜ್ಜಿನ ನೀರು. ಸೃಷ್ಟಿ ಅವರ ಆಯಿ ತಂಬಗಿಲೆ ಮ್ಯಾಲಿಂದ ಹಾಕಿದ್ರು, ನಾ ಬೊಗಸಿಲೆ ಕುಡ್ದೆ."

ಆಯಿ ಎಂದರೆ ಸೃಷ್ಟಿಯ ಅಜ್ಜಿ. ನಾನು ಪಕ್ಕದಲ್ಲೇ ನಿಂತಿದ್ದೆ. ಆ ಹುಡುಗನ ಮುಖದಲ್ಲಿ ಗೆದ್ದ ಖುಷಿ ಬಿಟ್ಟರೆ ಬೇರೇನೂ ಇರಲಿಲ್ಲ. ಕಾವೇರಿ ಅವನ ಕೈಯಿಂದ ಹಾಳೆ ತೆಗೆದುಕೊಂಡಳು. ಬಸ್ ಸ್ಟ್ಯಾಂಡು, ನೀರಿನ ಟಾಕಿ, ಹಸಿರು ಗೇಟು, ಎಲ್ಲ ಸೃಷ್ಟಿ ಜಾಹೇದಾಳಿಗೆ ಬರೆದುಕೊಟ್ಟ ಹಾಳೆಯಲ್ಲಿ ಇದ್ದ ಹಾಗೆಯೇ ಇದ್ದವು. ಜಾಹೇದಾಳ ಹಾಳೆ "ಕಟ್ಟಿ ಹತ್ತಿ ಬೆಲ್ ಒತ್ತು" ಎಂದು ಮುಗಿದಿತ್ತು. ಅಜಿತನ ಹಾಳೆಯಲ್ಲಿ ಹೀಗಿತ್ತು: "ಗೇಟ್ ತೆಗಿಬ್ಯಾಡ. ಗೋಡಿ ಹಿಡ್ದು ಬಾಜುಕಿನ ಸಂದ್ಯಾಗ ಹೋಗು. ಹಿತ್ತಲ ಬಾಗಲಾ ಬರ್ತದ. ದೂರ ನಿಂತು ಕರಿ." ನಕ್ಷೆಯಲ್ಲೂ ಬಾಣದ ಗುರುತು ಮನೆಯನ್ನು ಬಳಸಿಕೊಂಡು ಹಿಂದಕ್ಕೆ ಹೋಗಿತ್ತು. ಅಳತೆ, ದಿಕ್ಕು, ಒಂದೂ ತಪ್ಪಿರಲಿಲ್ಲ. ಅಷ್ಟು ಚಂದದ ನಕ್ಷೆಯನ್ನು ಆ ತರಗತಿಯಲ್ಲಿ ಬೇರೆ ಯಾರೂ ಹಾಕಿರಲಿಲ್ಲ.

ನಾನಾಗಿದ್ದರೆ ಸೃಷ್ಟಿಯ ಕೆನ್ನೆಗೆ ಎರಡು ಕೊಟ್ಟು ಆಮೇಲೆ ಮಾತಾಡುತ್ತಿದ್ದೆ. ಕಾವೇರಿ ಅವಳನ್ನು ಬೇವಿನ ಗಿಡದ ಕೆಳಗೆ ಕರೆದು, ಎರಡೂ ಹಾಳೆಗಳನ್ನು ಮುಂದೆ ಹಿಡಿದು, ಮೆಲ್ಲಗೆ ಕೇಳಿದಳು.

"ಇದ್ಯಾಕ ಎರಡು ನಮೂನಿ ಬರ್ದೀದಿ?"

ಸೃಷ್ಟಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ನೀವೇ ಹೇಳೀರಲ್ರಿ ಟೀಚರ್, ಬರೋರಿಗೆ ಎಲ್ಲೂ ಯಾರೂ ತಡೀಬಾರ್ದು, ಕೇಳ್ಬಾರ್ದು ಅಂತ. ಅಜಿತ ಮುಂದಿನ ಬಾಗಲಿಗಿ ಬಂದಿದ್ರ ಆಯಿ ಕೇಳ್ತಿದ್ಳು. ಅವನಿಗಿ ಬೈತಿದ್ಳು. ಅದಕ್ಕೇ ಬ್ಯಾರೆ ದಾರಿ ಬರ್ದೀನಿ."

ಆ ಹುಡುಗಿ ಅಷ್ಟಕ್ಕೆ ಬಿಡದೆ, ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದ ಕೇಳಿದಳು: "ಬರೋರು ಯಾರು ಅಂತ ಗೊತ್ತಿಲ್ಲದ ದಾರಿ ಹ್ಯಾಂಗ ಬರೀಬೇಕ್ರಿ ಟೀಚರ್?"

ಅಂದು ಸಂಜೆ ಬಸ್ಸಿನಲ್ಲಿ ಕಾವೇರಿಯ ಸಿಟ್ಟು ಕಟ್ಟೆಯೊಡೆಯಿತು. ಸೀಟು ಸಿಗದೆ ನಿಂತವರು, ತೊಗರಿ ಚೀಲ ಇಟ್ಟುಕೊಂಡು ಕೂತವರು, ಕಂಡಕ್ಟರ್, ಎಲ್ಲರೂ ತಿರುಗಿ ನೋಡುವ ಹಾಗೆ ಮಾತಾಡಿದಳು. "ಹುಡುಗಿ ತಪ್ಪೇನದ? ನಾ ಕಲಿಸಿದ್ದೇ ಬರ್ದಾಳ. ನಾ ಇಷ್ಟು ವರ್ಷ ಕೇಳಲಾರ್ದೆ ನಡಿಯೋದು ಕಲಿಸೀನಿ ಅಂತ ತಿಳ್ಕೊಂಡಿದ್ದೆ. ಅಕಿ ಕೇಳಲಾರ್ದೆ ಹಿತ್ತಲಿಗಿ ಕಳ್ಸೋದು ಕಲ್ತಾಳ. ಹನ್ನೆರಡು ವರ್ಷದ ಕೂಸು, ಊರು ತನಗ ಹೇಳಿಕೊಟ್ಟ ನಕ್ಷೆ ಇದ್ದಂಗ ಇಳಿಸ್ಯಾಳ. ನಾ ಯಾರ ಮ್ಯಾಲ ಸಿಟ್ಟಾಗ್ಲಿ ಹೇಳು." ಯಾರ ಮೇಲೆ ಆಗಬೇಕೆಂದು ನನಗೆ ಗೊತ್ತಿತ್ತು. ಬಾಯಿ ತೆರೆದಿದ್ದರೆ ಬಸ್ಸಿನಲ್ಲಿ ಜಗಳವೇ ಆಗುತ್ತಿತ್ತು.

ಮಾರನೆಯ ದಿನ ಅವಳು ತರಗತಿಗೆ ಹೊಸ ನಿಯಮ ಹೇಳಿದಳು. ಎಲ್ಲರೂ ಮತ್ತೆ ದಾರಿ ಬರೆಯಬೇಕು. ಈ ಸಲ ಚೀಟಿ ಎತ್ತುವುದು. ನಿಮ್ಮ ಮನೆಗೆ ಯಾರು ಬರುತ್ತಾರೋ ನಿಮಗೆ ಗೊತ್ತಿರುವುದಿಲ್ಲ, ನನಗೂ ಗೊತ್ತಿರುವುದಿಲ್ಲ. ಯಾರು ಬಂದರೂ ನಡೆಯುವ ಹಾಗೆ ಒಂದೇ ದಾರಿ ಬರೆಯಿರಿ.

ಇಷ್ಟೇ. ಒಂದು ಓಣಿಯ ಹೆಸರು ಅವಳ ಬಾಯಲ್ಲಿ ಬರಲಿಲ್ಲ, ಒಂದು ಜನದ ಹೆಸರು ಬರಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಎರಡು ದಿನದೊಳಗೆ ಅಮರನಾಥರು ಶಾಲೆಗೆ ಬಂದರು. ಬಂದವರು ಕಾವೇರಿಯ ಹತ್ತಿರ ಹೋಗಲಿಲ್ಲ, ನನ್ನ ಪ್ರಯೋಗಾಲಯದ ಬಾಗಿಲಲ್ಲಿ ನಿಂತರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ವಿಭೂತಿ, ಮಾತು ಬೆಲ್ಲದಂಥದು.

"ಶೀಲಾ ಟೀಚರ್, ನೀವು ನಮ್ಮ ಪೈಕಿ. ನೀವರೆ ಅವರಿಗಿ ತಿಳಿಸಿ ಹೇಳ್ರಿ. ನಾವೇನು ಹಳೇ ಕಾಲದವರಲ್ಲ. ಶರಣಬಸವೇಶ್ವರ ಗುಡ್ಯಾಗ ದಾಸೋಹದಾಗ ಎಲ್ಲಾರ ಜೋಡಿ ಕುಂತು ಉಣ್ಣೋ ಮಂದಿ ನಾವು. ಆದ್ರ ಮನ್ಯಾಗ ವಯಸ್ಸಾದ ತಾಯಿ ಅದಾರ, ಅವರ ಮನಸ್ಸಿಗಿ ನೋವಾಗ್ತದ. ಮ್ಯಾಲ ಹೆದ್ದಾರಿ, ಗಾಡಿ ಭಾಳ. ಮಕ್ಕಳಿಗಿ ಹಿಂಗ ರಸ್ತಾದಾಗ ತಿರುಗಿಸೋದು ಚಲೋ ಅಲ್ಲ."

ನಮ್ಮ ಪೈಕಿ! ಎಲ್ಲರ ಮನೆಯಲ್ಲೂ ಒಬ್ಬ ಮುದುಕಿ ಇರುತ್ತಾಳೆ ನೋಡಿ, ಈ ಕೆಲಸಕ್ಕೆಂದೇ ಇಟ್ಟುಕೊಂಡ ಹಾಗೆ. ಮಗ ಹೊಸ ಕಾಲದವನು, ಸೊಸೆ ಹೊಸ ಕಾಲದವಳು, ಹಿತ್ತಲ ಬಾಗಿಲು ಮಾತ್ರ ಆಯಿ ಕಸ್ತೂರಿಬಾಯಿಯದು. ಆ ಕಸ್ತೂರಿಬಾಯಿ ಸತ್ತ ಮೇಲೆ ಹಿತ್ತಲ ಬಾಗಿಲಿಗೆ ಇನ್ನೊಬ್ಬ ಮುದುಕಿ ಸಿಗುತ್ತಾಳೆ.

"ಅಮರನಾಥ ಅವರೆ, ನಾ ವಿಜ್ಞಾನದ ಟೀಚರ್. ನೀರು ಮ್ಯಾಲಿಂದ ಹಾಕಿದ್ರೂ ಅದೇ ನೀರು, ಲೋಟದಾಗ ಕೊಟ್ರೂ ಅದೇ ನೀರು ಅಂತ ಕಲಿಸ್ತೀನಿ. ನಿಮ್ಮ ಪೈಕಿ ಅಂತ ನನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ" ಎಂದೆ. ಅವರು ನಕ್ಕು, ಕೈ ಮುಗಿದು, ಮುಖ್ಯೋಪಾಧ್ಯಾಯರ ಕೋಣೆಗೆ ನಡೆದರು.

ನಮ್ಮ ಮುಖ್ಯೋಪಾಧ್ಯಾಯರು ನಾಗಣ್ಣ ಸರ್. ನಿವೃತ್ತಿ ಹತ್ತಿರ ಬಂದ ಮನುಷ್ಯ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಬದುಕಿದವರು. ಅವರು ಕಾವೇರಿಯನ್ನು ಕರೆದು ಮಕ್ಕಳನ್ನು ಹೊರಗೆ ಕಳಿಸುವುದು ನಿಲ್ಲಿಸಿ ಎಂದರು. ಅವಳು ಕಾರಣ ಕೇಳಿದಳು. ರಸ್ತೆ ಸುರಕ್ಷತೆ ಎಂದರು.

"ಜಾಹೇದಾ ಹೋದಾಗ ರಸ್ತಾ ಸುರಕ್ಷಿತ ಇತ್ತೇನ್ರಿ ಸರ್?"

"ಯಾಕವಾ ಸುಮ್ಮ ಮಾತು ಬೆಳಸ್ತಿ. ಸಮಿತಿ ಸಭಾ ಕರ್ದಾರ. ಒಂದು ಠರಾವು ಆಗ್ತದ. ನಿನ್ನ ನಿಯೋಜನೆ ಮ್ಯಾಲ ಬ್ಯಾರೆ ಕಡಿ ಕಳ್ಸ್ರಿ ಅಂತ ಬರ್ದು ಕಳ್ಸಿದ್ರ ನಾ ಏನ್ ಮಾಡ್ಲಿ? ಅದರ ಮೊದಲೇ ಪಾಠ ಬಿಟ್ಟೀನಿ ಅಂತ ಒಂದು ಮಾತು ಹೇಳಿಬಿಡು."

"ಬರೀಲಿ ಸರ್. ಆದ್ರ ಕಾರಣ ಖರೇ ಖರೇ ಬರೀಬೇಕು. ರಸ್ತಾ ಅಂತ ಬರ್ದ್ರ ನಾ ಸಹಿ ಮಾಡಂಗಿಲ್ಲ."

ಅವಳಿಗೆ ಕಮಲಾಪುರದ ಆ ತರಗತಿಯ ಮೇಲೆ ಎಷ್ಟು ಜೀವವಿತ್ತು ಎಂದು ನನಗೆ ಗೊತ್ತು. ಬೇರೆ ಶಾಲೆಗೆ ಕಳಿಸಿದರೆ ಸಂಬಳವೇನೂ ನಿಲ್ಲುವುದಿಲ್ಲ. ಆದರೆ ಆ ಮಕ್ಕಳು, ಊರು ಕಲಿಸಿದ್ದನ್ನು ಆಗಲೇ ಬಹುಮಟ್ಟಿಗೆ ಕಲಿತು ಮುಗಿಸಿದ ಆ ಮಕ್ಕಳು, ಎರಡು ದಾರಿ ಬರೆಯುವುದೇ ಸರಿ ಎಂದು ತಿಳಿದು ಮುಂದಿನ ತರಗತಿಗೆ ಹೋಗುತ್ತಿದ್ದರು. ಟೀಚರನ್ನು ಓಡಿಸಿದರು, ಹಿತ್ತಲ ಬಾಗಿಲು ಉಳಿಯಿತು ಎಂದು ಅಜಿತನೂ ತಿಳಿಯುತ್ತಿದ್ದ, ಸೃಷ್ಟಿಯೂ ತಿಳಿಯುತ್ತಿದ್ದಳು. ಕಾವೇರಿಯ ನಿದ್ದೆ ಕೆಡಿಸಿದ್ದು ಅದು.

ಶನಿವಾರ ಸಭೆ. ಏಳನೆಯ ತರಗತಿಯ ಕೋಣೆಯಲ್ಲೇ ಬೆಂಚುಗಳನ್ನು ಸರಿಸಿ ಸಮಿತಿಯವರನ್ನು ಕೂರಿಸಿದ್ದರು. ಸದಸ್ಯರಲ್ಲಿ ಅಜಿತನ ಅಪ್ಪ ದತ್ತಪ್ಪನೂ ಇದ್ದ. ಕೆಲಸದಿಂದ ನೇರ ಬಂದಿದ್ದ, ಮುಂಗೈಯಲ್ಲಿ ಸಿಮೆಂಟು ಒಣಗಿತ್ತು. ಸಭೆಗಳಲ್ಲಿ ಅವನು ಬಾಯಿ ತೆರೆದದ್ದನ್ನು ನಾನು ನೋಡಿರಲಿಲ್ಲ. ಮಕ್ಕಳನ್ನು ಮನೆಗೆ ಕಳಿಸಿರಲಿಲ್ಲ, ಅವರು ಹಿಂದಿನ ಗೋಡೆಗೆ ಸಾಲಾಗಿ ನಿಂತಿದ್ದರು. ಹಾಗೆ ನಿಲ್ಲಿಸಿದವಳು ಕಾವೇರಿ. ಚರ್ಚೆ ಅವರ ಪಾಠದ ಬಗ್ಗೆ, ಅವರು ಇರಲಿ ಎಂದಿದ್ದಳು.

ಅಮರನಾಥರು ಬಹಳ ಹೊತ್ತು ಮಾತಾಡಿದರು. ಕಾವೇರಿ ಟೀಚರ್ ಒಳ್ಳೆಯವರು, ಕಷ್ಟಪಟ್ಟು ಓದಿ ಬಂದವರು, ಅವರ ಮೇಲೆ ನಮಗೆ ಗೌರವವಿದೆ, ಆದರೆ ಈ ದಾರಿ ಬರೆಸುವುದು ಪುಸ್ತಕದಲ್ಲಿ ಇಲ್ಲ, ಮಕ್ಕಳ ತಲೆಯಲ್ಲಿ ಏನೇನೋ ತುಂಬುತ್ತದೆ, ಹೆದ್ದಾರಿಯಲ್ಲಿ ಲಾರಿಗಳು. ಲಾರಿಗಳ ಬಗ್ಗೆ ಅಷ್ಟು ಕಳಕಳಿಯನ್ನು ನಾನು ಎಲ್ಲೂ ಕೇಳಿಲ್ಲ. ನಾಗಣ್ಣ ಸರ್ ಠರಾವು ಬರೆಯಲು ಪೆನ್ನು ತೆಗೆದರು.

"ಬರಿಯೋದಕ್ಕಿಂತ ಮೊದಲ ಮಕ್ಕಳು ಏನು ಕಲ್ತಾರ ಅಂತ ಒಂದ್ಸಲ ಕೇಳ್ರಿ" ಎಂದಳು ಕಾವೇರಿ. ಧ್ವನಿ ಗಟ್ಟಿಯಾಗಿತ್ತು. "ಚೀಟಿ ಎತ್ತೋ ಸುತ್ತಿಗಿ ಎಲ್ಲಾರೂ ಹೊಸಾದು ಬರ್ದಾರ. ನಾನೂ ಇನ್ನೂ ಓದಿಲ್ಲ. ಯಾರದರೆ ಒಂದು ಓದಸ್ರಿ."

"ಬ್ಯಾರೇವರ ಮಕ್ಕಳದು ಯಾಕ, ನನ್ನ ಮಗಳೇ ಓದ್ಲಿ" ಎಂದು ಅಮರನಾಥರು ಹೆಮ್ಮೆಯಿಂದ ಹೇಳಿದರು. ಮಗಳು ತರಗತಿಗೆ ಮೊದಲಿಗಳು, ಓದಿದರೆ ತಮ್ಮದೇ ಮಾನ ಎಂದುಕೊಂಡಿರಬೇಕು.

ಸೃಷ್ಟಿ ಮುಂದೆ ಬಂದು ಹಾಳೆ ಬಿಡಿಸಿ ಓದಿದಳು. "ಬಸ್ ಸ್ಟ್ಯಾಂಡಿನಿಂದ ಹೊರಗ ಬಂದು ಎರಡೂ ಕಡಿ ನೋಡಿ ರಸ್ತಾ ದಾಟ್ರಿ. ನೀರಿನ ಟಾಕಿ ಕಾಣೋ ಕಡಿ ಸೀದಾ ನಡೀರಿ. ಟಾಕಿ ಉಣ್ಣೋ ಕೈ ಕಡಿ ಬಿಟ್ಟು ಮೂಡಲಕ್ಕ ಹೊಳ್ರಿ. ಓಣಿ ಕಡೀಕ ಹಸರ ಗೇಟ್ ಅದ. ಗೇಟ್ ತೆಗೀರಿ. ಕಟ್ಟಿ ಹತ್ರಿ. ಬೆಲ್ ಒತ್ರಿ." ಇಲ್ಲಿ ಅವಳು ಉಸಿರು ತೆಗೆದುಕೊಂಡಳು. "ಇಲ್ಲೀ ತನಕ ದಾರಿ ಎಲ್ಲಾರಿಗೂ ಒಂದೇ ಅದ. ಇದರ ಮುಂದಿಂದು ನನಗ ಬರೀಲಾಕ ಬರ್ಲಿಲ್ಲ. ನಮ್ಮ ಅಪ್ಪಗ ಕೇಳ್ರಿ."

ಅಮರನಾಥರ ಮುಖ ಕೆಂಪಾಯಿತು. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವರ ಸ್ಥಿತಿ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ನಾಗಣ್ಣ ಸರ್ ಪೆನ್ನಿನ ಟೋಪಿ ಹಾಕುತ್ತಾ ತೆಗೆಯುತ್ತಾ ಕೂತರು.

ಆಗ ದತ್ತಪ್ಪ ಎದ್ದು ನಿಂತ.

"ಹಂಗಾರ ನಾ ಕೇಳ್ತೀನ್ರಿ, ಅಮರನಾಥ ಅವರೆ. ನಿಮ್ಮ ಮನಿ ಕಟ್ಟಿ ಫರಸಿ ನಾನೇ ಕೂಡ್ಸೀನಿ. ಕೆಲಸ ಮುಗುದ ಮ್ಯಾಲ ಅದನ್ನ ಹತ್ತಿಲ್ಲ. ನನ್ನ ಮಗ ಮೊನ್ನಿ ನಿಮ್ಮ ಹಿತ್ತಲದಾಗ ಬೊಗಸಿಲೆ ನೀರು ಕುಡ್ದು ಬಂದು ಪಾಸಾದೆ ಅಂತ ಮನ್ಯಾಗ ಕುಣ್ದಾನ. ಅಂವ ಕುಣಿಯೋದು ನೋಡ್ಲಾಕ ನನಗ ಆಗ್ಲಿಲ್ಲ. ಬೆಲ್ ಒತ್ತಿದ್ರ ಮುಂದ ಏನ್ರಿ? ನಾ ಬರ್ಲೇನು?"

"ಬರ್ರಿ, ಬರ್ರಿ ದತ್ತಪ್ಪ" ಎಂದರು ಅಮರನಾಥರು. ನಗಲು ನೋಡಿದರು. "ಯಾರು ಬ್ಯಾಡ ಅಂದಾರ? ನಿಮ್ಮದೇ ಮನಿ. ಒಂದಿನ ಬರ್ರಿ."

"ಯಾವ ದಿನಾರಿ?"

"ಯಾವಾಗರೆ ಬರ್ರಿ."

"ಇವತ್ತ ಬರ್ತೀನಿ. ಸಭಾ ಹ್ಯಾಂಗೂ ದಾರಿದೇ ಅದ. ಎಲ್ಲಾರೂ ನಡ್ಕೋತ ಹೋಗೋಣು, ಲಾರಿ ಎಷ್ಟು ಬರ್ತಾವ ಅದೂ ನೋಡ್ದಂಗ ಆಗ್ತದ. ನೀರು ಕುಡ್ದು ಬಂದು ಠರಾವು ಬರೀರಿ."

ಕಾವೇರಿ ಮೇಜಿನ ಅಂಚು ಹಿಡಿದು ನಿಂತಿದ್ದಳು. ಅಮರನಾಥರು ಗಡಿಯಾರ ನೋಡಿಕೊಂಡರು, ಫೋನು ನೋಡಿಕೊಂಡರು, ನಾಗಣ್ಣ ಸರ್ ಕಡೆ ನೋಡಿದರು. ನಾಗಣ್ಣ ಸರ್ ಕಿಟಕಿಯ ಆಚೆ ನೋಡುತ್ತಿದ್ದರು.

"ಇವತ್ತ ಬ್ಯಾಡ್ರಿ ದತ್ತಪ್ಪ. ಇವತ್ತ ಮನ್ಯಾಗ ಯಾರೂ ಇಲ್ಲ."

ಸೃಷ್ಟಿ ಹಾಳೆಯನ್ನು ಮಡಚುತ್ತಿದ್ದವಳು ತಲೆ ಎತ್ತಿದಳು. ಅಪ್ಪ ಮರೆತಿದ್ದಾರೆ, ನೆನಪಿಸಬೇಕು ಎನ್ನುವ ಹಾಗೆ ಹೇಳಿದಳು:

"ಆಯಿ ಅದಾಳಲ್ಲಪ್ಪ, ಮನ್ಯಾಗ."

ದತ್ತಪ್ಪ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು, ಅಮರನಾಥರು ಏಳಲಿ ಎಂದು ಕಾಯುತ್ತಾ ನಿಂತ.